ಜಾಲಪುಟಕ್ಕೂ ಬೇಕು ರೈತರ ಮಾತು

ರಾಗಿ ರೋಗಗಳ ಬಗ್ಗೆ ನಾನು ಬರೆದ ಜಾಲಪುಟವನ್ನು ನಾನೇ ಗೂಗಲ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ತಪ್ಪು ನನ್ನದೇ. ‘ಸಸ್ಯ ಸಂರಕ್ಷಣಾ ಕ್ರಮಗಳು’ ಎಂದು ತಲೆಬರಹ ಕೊಟ್ಟಿದ್ದೆ. ಹೊಲದಲ್ಲಿ ನಿಂತು ಮೊಬೈಲ್ ಒತ್ತುವವರು ‘ರಾಗಿ ಬೆಂಕಿರೋಗ’ ಎಂದಲ್ಲವೇ ಕೇಳುವುದು? ಉತ್ತರ ಸಿಗದೆ ತಡವಾದರೆ ರೋಗ ತೆನೆಯ ಕುತ್ತಿಗೆಗೇರಿ ಕಾಳು ಜೊಳ್ಳಾಗುತ್ತದೆ.

ಇನ್ನೊಂದು ತೊಡಕು ಅಕ್ಷರದ್ದು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ್ದು ನಮ್ಮ ಕಣ್ಣಿಗೆ ಕನ್ನಡವಾದರೂ ಗಣಕದೊಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡದಲ್ಲಿ ಹುಡುಕಿದರೆ ಅದು ಸಿಗದು. ಈಗ ಯೂನಿಕೋಡ್‌ಗೆ ಬದಲಿಸಿ, ತಲೆಬರಹದಲ್ಲೇ ಬೆಳೆ ಮತ್ತು ರೋಗದ ಹೆಸರಿಟ್ಟಿದ್ದೇನೆ. ಎಲೆಯ ಮೇಲಿನ ವಜ್ರಾಕಾರದ ಚುಕ್ಕೆಯ ಲಕ್ಷಣವನ್ನು ಮೊದಲ ಸಾಲಿಗೇ ತಂದಿದ್ದೇನೆ. (ಪೀಠಿಕೆ ಬರೆಯುವ ಚಟ ನಮ್ಮಂಥ ವಿಜ್ಞಾನಿಗಳನ್ನು ಸುಲಭವಾಗಿ ಬಿಡದು.)

ನಿಮ್ಮೂರಿನಲ್ಲಿ ಈ ರೋಗಕ್ಕೆ ಬೇರೆ ಹೆಸರಿದ್ದರೆ ಒಂದು ಕಾಗದ ಬರೆಯಿರಿ. ಅದನ್ನೂ ಪುಟದಲ್ಲಿ ಸೇರಿಸುತ್ತೇನೆ.