ಏಳು ದಿನ ಉಪವಾಸ ಮಾಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆಯೇ?

“ಏಳು ದಿನ ಬರೀ ನೀರು ಕುಡಿದೆ. 240 ಇದ್ದ ಶುಗರ್ 95ಕ್ಕೆ ಇಳಿಯಿತು. ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದೆ.” ಇಂಥದ್ದೊಂದು ವಿಡಿಯೋ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನನಗೆ ಕಳಿಸಿದವರು ನನ್ನ ಸೋದರಮಾವ. ಹನ್ನೊಂದು ವರ್ಷದಿಂದ ಅವರಿಗೆ ಟೈಪ್ 2 ಮಧುಮೇಹ ಇದೆ. ವಿಡಿಯೋ ಕೆಳಗೆ ಒಂದೇ ಸಾಲು: “ಇದು ನಿಜವೇನೋ? ಸೋಮವಾರದಿಂದ ಶುರು ಮಾಡ್ಲಾ?”

ಆ ವಿಡಿಯೋದಲ್ಲಿರುವ ಅಂಕಿ ಸುಳ್ಳಾಗಿರಬೇಕಿಲ್ಲ. ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿಯುತ್ತದೆ. ಆದರೆ ಅಂಕಿ ಇಳಿಯುವುದು ಒಂದು, ಕಾಯಿಲೆ ಹೋಗುವುದು ಇನ್ನೊಂದು. ಈ ವ್ಯತ್ಯಾಸ ತಿಳಿಯದೆ ಉಪವಾಸಕ್ಕೆ ಕೂತವರಿಗೆ ಅಪಾಯ ಬರುವುದು ಹಸಿವಿಗಿಂತ ಹೆಚ್ಚಾಗಿ ಅವರು ನುಂಗುತ್ತಿರುವ ಮಾತ್ರೆಗಳಿಂದ.

ಬೆಳಗಿನ ಸಕ್ಕರೆ ಎಲ್ಲಿಂದ ಬರುತ್ತದೆ?

ಮಧುಮೇಹ ಇರುವ ಅನೇಕರ ದೂರು ಇದು: “ರಾತ್ರಿ ಒಂದೇ ಚಪಾತಿ ತಿಂದು ಮಲಗಿದೆ, ಬೆಳಗ್ಗೆ ನೋಡಿದರೆ 160! ತಿನ್ನದೆ ಎಲ್ಲಿಂದ ಬಂತು?” ಬಂದದ್ದು ಯಕೃತ್ತಿನಿಂದ, ಅಂದರೆ ಲಿವರ್‌ನಿಂದ. ನಾವು ತಿಂದ ಸಕ್ಕರೆಯಲ್ಲಿ ಸುಮಾರು 100 ಗ್ರಾಂನಷ್ಟನ್ನು ಲಿವರ್ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ರಾತ್ರಿ ನಾವು ಮಲಗಿದಾಗಲೂ ಮಿದುಳಿಗೆ ಗ್ಲುಕೋಸ್ ಬೇಕಲ್ಲ, ಅದಕ್ಕಾಗಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಜೊತೆಗೆ ಹೊಸದಾಗಿ ತಯಾರಿಸಿಯೂ ಕೊಡುತ್ತದೆ. “ಸಾಕು, ನಿಲ್ಲಿಸು” ಎಂದು ಹೇಳುವುದು ಇನ್ಸುಲಿನ್‌ನ ಕೆಲಸ. ಟೈಪ್ 2 ಮಧುಮೇಹದಲ್ಲಿ ಲಿವರ್ ಆ ಮಾತಿಗೆ ಸರಿಯಾಗಿ ಕಿವಿಗೊಡುವುದಿಲ್ಲ.

ಒಂದು ದಿನ ದಾಟಿ ಉಪವಾಸ ಮುಂದುವರಿದರೆ ಈ ದಾಸ್ತಾನು ಬಹುಮಟ್ಟಿಗೆ ಮುಗಿಯುತ್ತದೆ. ದೇಹ ಕೊಬ್ಬನ್ನು ಉರಿಸಲು ತೊಡಗುತ್ತದೆ, ಕೊಬ್ಬಿನಿಂದ ಕೀಟೋನ್‌ಗಳು ತಯಾರಾಗುತ್ತವೆ, ಮಿದುಳು ಕೂಡ ನಿಧಾನವಾಗಿ ಅವುಗಳಿಗೆ ಒಗ್ಗಿಕೊಳ್ಳುತ್ತದೆ. ಹೊರಗಿನಿಂದ ಗ್ಲುಕೋಸ್ ಬರುತ್ತಿಲ್ಲ, ಒಳಗಿನ ಉತ್ಪಾದನೆಯೂ ತಗ್ಗಿದೆ. ಹಾಗಾಗಿ ಮೀಟರ್ 95 ತೋರಿಸುತ್ತದೆ.

ಆದರೆ ಏಳನೆಯ ದಿನ ಒಂದು ತಟ್ಟೆ ಅನ್ನ ಉಂಡು ನೋಡಿದರೆ? ಅಷ್ಟು ದಿನ ಕೊಬ್ಬನ್ನೇ ನೆಚ್ಚಿಕೊಂಡಿದ್ದ ಸ್ನಾಯುಗಳು ಗ್ಲುಕೋಸನ್ನು ತಕ್ಷಣ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸಕ್ಕರೆ ಎಂದಿಗಿಂತ ಮೇಲೆ ಜಿಗಿಯಬಹುದು. ಆರೋಗ್ಯವಂತರಲ್ಲೂ ಹೀಗಾಗುತ್ತದೆ. ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಮುಂಚೆ ಮೂರು ದಿನ ಎಂದಿನಂತೆ ಊಟ ಮಾಡಿರಬೇಕು ಎಂಬ ನಿಯಮ ಇರುವುದೇ ಇದಕ್ಕೆ. ಕಾಯಿಲೆ ಹಿಂದೆ ಸರಿದಿದೆ ಎನ್ನಲು ವೈದ್ಯರು 2021ರಲ್ಲಿ ಒಪ್ಪಿಕೊಂಡ ಅಳತೆ ಬೇರೆ: ಸಕ್ಕರೆ ಇಳಿಸುವ ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇರಬೇಕು. ಅದಕ್ಕೂ ಅವರು ಬಳಸುವ ಪದ ‘ಉಪಶಮನ’, ‘ಗುಣ’ ಅಲ್ಲ.

ಹಸಿವೇ ಔಷಧವಾಗಿದ್ದ ಕಾಲ

ಉಪವಾಸದ ಉಪಾಯ ಹೊಸದೇನಲ್ಲ. 1870ರಲ್ಲಿ ಪ್ಯಾರಿಸ್ ನಗರಕ್ಕೆ ಪ್ರಶ್ಯಾ ಸೇನೆ ಮುತ್ತಿಗೆ ಹಾಕಿ ಆಹಾರ ಸಿಗದಂತಾದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದದ್ದನ್ನು ಬೂಶಾರ್ದಾ ಎಂಬ ಫ್ರೆಂಚ್ ವೈದ್ಯ ಗಮನಿಸಿದ್ದ. 1910ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ಇದನ್ನೇ ಚಿಕಿತ್ಸೆಯಾಗಿಸಿದ. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಉಪವಾಸ, ಆಮೇಲೆ ಅಳೆದು ತೂಗಿ ತುಸುವೇ ಆಹಾರ. ಅಲೆನ್‌ನ ರೋಗಿ ಎಲಿಜಬೆತ್ ಹ್ಯೂಸ್ 1922ರ ಆಗಸ್ಟ್‌ನಲ್ಲಿ ಟೊರೊಂಟೊಗೆ ಬಂದಾಗ 15ರ ಹೊಸ್ತಿಲಲ್ಲಿದ್ದ ಹುಡುಗಿ, ತೂಕ ಸುಮಾರು 20 ಕಿಲೋ. ಅಲ್ಲಿ ಹೊಸದಾಗಿ ಕಂಡುಹಿಡಿದಿದ್ದ ಇನ್ಸುಲಿನ್ ಸಿಕ್ಕಿತು. ಆಕೆ 1981ರವರೆಗೆ ಬದುಕಿದ್ದಳು. ಇನ್ಸುಲಿನ್ ಬರುವತನಕ ಜೀವ ಹಿಡಿದಿಟ್ಟದ್ದು ಆ ಉಪವಾಸವೇ ಎಂಬುದೂ ನಿಜ.

ಅವಳದ್ದು ಈಗ ನಾವು ಟೈಪ್ 1 ಎನ್ನುವ ಕಾಯಿಲೆ. ಅದರಲ್ಲಿ ಇನ್ಸುಲಿನ್ ಬಿಟ್ಟು ಉಪವಾಸ ಕೂರುವ ಮಾತೇ ಇಲ್ಲ.

ಹಾಗಾದರೆ ಟೈಪ್ 2 ಹಿಂದೆ ಸರಿಯುವುದೇ ಇಲ್ಲವೇ? ಕೆಲವರಲ್ಲಿ ಸರಿಯುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಮತ್ತು ಸಂಗಡಿಗರು 2011ರಲ್ಲಿ 11 ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟೇ ಕೊಟ್ಟು ನೋಡಿದರು. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬಂತು, ಲಿವರ್‌ನೊಳಗಿನ ಕೊಬ್ಬು ಇಳಿಯಿತು. ಮೇದೋಜೀರಕ ಗ್ರಂಥಿಯೊಳಗಿನ ಕೊಬ್ಬು ನಿಧಾನವಾಗಿ ಕರಗಿತು, ಅದರೊಂದಿಗೆ ಇನ್ಸುಲಿನ್ ಸುರಿಸುವ ಶಕ್ತಿಯೂ ಮರಳಿತು. ಅಂದರೆ ಕೀಲಿ ಇದ್ದದ್ದು ಅಂಗಗಳ ಒಳಗೆ ಸೇರಿಕೊಂಡ ಕೊಬ್ಬಿನಲ್ಲಿ.

2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಅಧ್ಯಯನ ಇನ್ನೂ ದೊಡ್ಡದು: ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳ 306 ಜನ. ಅರ್ಧದಷ್ಟು ಮಂದಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ, ಅದೂ ಸೂಪ್ ಮತ್ತು ಶೇಕ್ ರೂಪದಲ್ಲಿ. (ನಮ್ಮ ಒಂದು ಮದುವೆ ಊಟದಲ್ಲೇ ಇದಕ್ಕಿಂತ ಹೆಚ್ಚಾದೀತು.) ವರ್ಷದ ಕೊನೆಗೆ ಈ ಗುಂಪಿನ ಶೇ. 46 ಜನ ಉಪಶಮನದಲ್ಲಿದ್ದರು, ಎರಡನೆಯ ವರ್ಷಕ್ಕೆ ಶೇ. 36. ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ ಮೊದಲ ವರ್ಷ ಶೇ. 4 ಮಾತ್ರ. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಂತೂ ಶೇ. 86! ಇವರಲ್ಲಿ ಯಾರೂ ಪೂರ್ತಿ ಊಟ ಬಿಟ್ಟಿರಲಿಲ್ಲ. ಜೊತೆಗೆ, ಇವರೆಲ್ಲ ಕಾಯಿಲೆ ಪತ್ತೆಯಾಗಿ ಆರು ವರ್ಷ ದಾಟದವರು, ತೂಕ ಹೆಚ್ಚಿದ್ದವರು, ಇನ್ಸುಲಿನ್ ತೆಗೆದುಕೊಳ್ಳದವರು. ನಮ್ಮ ಮಾವನಂಥ ಹನ್ನೊಂದು ವರ್ಷದವರು ಅಲ್ಲಿರಲಿಲ್ಲ.

ಉಪವಾಸದ ಪರವಾಗಿ ಹೆಚ್ಚು ಹಂಚಿಕೆಯಾಗುವುದು ಕೆನಡಾದ ಜೇಸನ್ ಫಂಗ್ ಮತ್ತು ಸಹೋದ್ಯೋಗಿಗಳ 2018ರ ವರದಿ. ಮೂವರು ರೋಗಿಗಳು ಒಂದು ತಿಂಗಳೊಳಗೆ ಇನ್ಸುಲಿನ್ ನಿಲ್ಲಿಸಿದರು. ಗಮನಾರ್ಹವೇ. ಆದರೆ ಅವರು ಮೂವರೇ, ಹೋಲಿಸಲು ಇನ್ನೊಂದು ಗುಂಪಿಲ್ಲ, ಪ್ರತಿ ಹೆಜ್ಜೆಯಲ್ಲೂ ವೈದ್ಯರಿದ್ದರು. ಮುಖ್ಯವಾಗಿ, ಅವರದ್ದು ವಾರಗಟ್ಟಲೆಯ ನೀರಿನ ಉಪವಾಸವಲ್ಲ, ವಾರದಲ್ಲಿ ಕೆಲವು ದಿನ 24 ಗಂಟೆಯದ್ದು. ರಾತ್ರಿ ಊಟ ಮಾಡುತ್ತಿದ್ದರು.

ನಿಮ್ಮ ಮಾತ್ರೆಯ ಪಟ್ಟಿ ನೋಡಿ

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್. ಈ ಹೆಸರುಗಳಲ್ಲಿ ಒಂದು ನಿಮ್ಮ ಮಾತ್ರೆ ಹಾಳೆಯ ಹಿಂಬದಿಯಲ್ಲಿದೆಯೇ? ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅವು ಕೇಳುವುದಿಲ್ಲ. ಊಟವಿಲ್ಲದ ದಿನ ಇವನ್ನು ನುಂಗಿದರೆ ಸಕ್ಕರೆ 70ಕ್ಕಿಂತ ಕೆಳಗೆ, 50ಕ್ಕಿಂತಲೂ ಕೆಳಗೆ ಹೋಗಬಹುದು. ಬೆವರು, ನಡುಕ, ಗಲಿಬಿಲಿ, ಕೊನೆಗೆ ಪ್ರಜ್ಞೆ ತಪ್ಪುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತದ ಮುನ್ಸೂಚನೆಯೂ ಗೊತ್ತಾಗದಿರಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಈ ಭಯ ಬಹಳ ಕಡಿಮೆ.

ಇನ್ನೊಂದು ಗುಂಪು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವುಗಳ ಜೊತೆ ದೀರ್ಘ ಉಪವಾಸ ಸೇರಿದರೆ ರಕ್ತದಲ್ಲಿ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಹೊಟ್ಟೆನೋವು, ವಾಂತಿ, ಏದುಸಿರು ಬರುತ್ತವೆ. ಮನೆಯಲ್ಲಿ ಮೀಟರ್ ಒತ್ತಿ ನೋಡಿದರೆ ಸಕ್ಕರೆ ಹೆಚ್ಚೇನೂ ಇರುವುದಿಲ್ಲ. “ಶುಗರ್ ಸರಿ ಇದೆ, ಗ್ಯಾಸ್ ಇರಬೇಕು” ಎಂದು ಮಲಗಿಬಿಡುವುದು ಇಲ್ಲೇ. ಇದು ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.

ನ್ಯೂಜಿಲೆಂಡ್‌ನಲ್ಲಿ ಮಧುಮೇಹದ ಔಷಧ ತೆಗೆದುಕೊಳ್ಳುತ್ತಿದ್ದ ಕೆಲವರಿಗೆ ವಾರದಲ್ಲಿ ಎರಡು ದಿನ ಮಾತ್ರ ಅಲ್ಪಾಹಾರದ ಉಪವಾಸ ಮಾಡಿಸಿದರು. ಮುಂಚಿತವಾಗಿ ತಿಳಿಹೇಳಿ, ಔಷಧ ತಗ್ಗಿಸಿದ್ದರೂ ಉಪವಾಸದ ದಿನಗಳಲ್ಲಿ ಸಕ್ಕರೆ ಕುಸಿಯುವ ಸಂಭವ ಎರಡು ಪಟ್ಟಾಯಿತು. ರಂಜಾನ್ ಉಪವಾಸದ ಬಗ್ಗೆ 13 ದೇಶಗಳಲ್ಲಿ ನಡೆದ ‘ಎಪಿಡಿಯಾರ್’ ಅಧ್ಯಯನದಲ್ಲಿ ಟೈಪ್ 2 ಇರುವವರಲ್ಲಿ ಸಕ್ಕರೆ ತೀವ್ರವಾಗಿ ಕುಸಿದು ಆಸ್ಪತ್ರೆ ಸೇರುವ ಪ್ರಮಾಣ ಸುಮಾರು ಏಳೂವರೆ ಪಟ್ಟು ಹೆಚ್ಚಿತ್ತು. ಇಂಥ ತಿಳಿವಳಿಕೆಯಿಂದಲೇ ಈಗ ರಂಜಾನ್‌ಗೆ ಮುಂಚೆ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ ಎಂಬ ಸಲಹೆ ಇದೆ. ಏಕಾದಶಿ ಮಾಡುವ ನಮ್ಮ ಹಿರಿಯರು ಡಾಕ್ಟರಿಗೆ ಹೇಳುವುದನ್ನು ನಾನಂತೂ ಕಂಡಿಲ್ಲ. ಅವರಲ್ಲಿ ಹಲವರ ಕಥೆ ಬೇರೆಯೇ: ಸಬ್ಬಕ್ಕಿ, ಅವಲಕ್ಕಿ, ಬಾಳೆಹಣ್ಣಿನ ‘ಉಪವಾಸ’ದಲ್ಲಿ ಸಕ್ಕರೆ ಇಳಿಯುವ ಬದಲು ಏರುತ್ತದೆ.

ದೀರ್ಘ ಉಪವಾಸದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಉಂಡ ಗ್ಲುಕೋಸನ್ನು ಹೆಚ್ಚು ಹೀರಿಕೊಳ್ಳುವುದು ಸ್ನಾಯುವೇ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ ಎಂಬ ನಮ್ಮವರ ಮೈಕಟ್ಟಿಗೆ ಇದು ನಷ್ಟದ ವ್ಯಾಪಾರ. ಐದಾರು ದಿನ ಏನೂ ತಿನ್ನದೆ ಇದ್ದವರು ಒಮ್ಮೆಲೇ ಹೋಳಿಗೆ ಊಟಕ್ಕೆ ಕೂತರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಥಟ್ಟನೆ ಕುಸಿದು ಹೃದಯದ ಲಯವೇ ತಪ್ಪಬಹುದು. ಎರಡನೆಯ ಮಹಾಯುದ್ಧದಲ್ಲಿ ಬಿಡುಗಡೆಯಾದ, ಹಸಿದ ಕೈದಿಗಳಲ್ಲಿ ವೈದ್ಯರು ಇದನ್ನು ಕಂಡಿದ್ದರು.

ಮಾವನಿಗೆ ನಾನು ಬರೆದದ್ದು: “ಮಾವ, ಸೋಮವಾರ ಶುರು ಮಾಡಬೇಡಿ. ಮೊದಲು ಮಾತ್ರೆಗಳ ಫೋಟೋ ಕಳಿಸಿ.” ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಮೂರೂ ಇದ್ದವು. ಎಲ್ಲವನ್ನೂ ಹಿಡಿದುಕೊಂಡು ಅವರ ಡಾಕ್ಟರ್ ಹತ್ತಿರ ಹೋದೆವು. “ತೂಕ ಇಳಿಸಬೇಕು ಅಂತಿದ್ದೇನೆ, ಊಟ ಅರ್ಧ ಮಾಡಿದರೆ ಯಾವ ಮಾತ್ರೆ ಎಷ್ಟು ಕಡಿಮೆ ಮಾಡಬೇಕು?” ಎಂದು ಮಾವನೇ ಕೇಳಿದರು. ಅವರು ಗ್ಲಿಮೆಪಿರೈಡ್ ತಗ್ಗಿಸಿದರು. ಮೊದಲ ಎರಡು ವಾರ ದಿನಕ್ಕೆ ಮೂರು ಸಲ ಸಕ್ಕರೆ ನೋಡಿಕೊಳ್ಳಿ, 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ನೋಡಿ ಎಂದರು. ಮಾವ ಈಗ ರಾತ್ರಿ ಅನ್ನ ಬಿಟ್ಟು ಏಳು ಗಂಟೆಗೇ ಹೆಸರುಕಾಳು, ಸೊಪ್ಪಿನ ಪಲ್ಯ ತಿಂದು ಮುಗಿಸುತ್ತಾರೆ. ಐದು ತಿಂಗಳಲ್ಲಿ ಆರು ಕಿಲೋ ಇಳಿದಿದ್ದಾರೆ. ಮಾತ್ರೆ ಮೂರರಿಂದ ಎರಡಾಗಿದೆ. ವಿಡಿಯೋಗಳನ್ನು ಕಳಿಸುವುದು ಮಾತ್ರ ಬಿಟ್ಟಿಲ್ಲ.