ಪಂಚೆ ಉಟ್ಟ ಸ್ಪೈಡರ್‌ಮ್ಯಾನ್

ಪಂಚೆ ಉಟ್ಟ ಸ್ಪೈಡರ್‌ಮ್ಯಾನ್ ಅಂದ್ರೆ ಆಫೀಸಿನಲ್ಲಿ ಈಗಲೂ ನಗ್ತಾರೆ. ನಗಲಿ ಬಿಡಿ. 'ಸ್ಪೈಡರ್‌ಮ್ಯಾನ್: ಇಂಡಿಯಾ' ಮೊದಲ ಸಂಚಿಕೆಯನ್ನು ಮೊನ್ನೆ ಮತ್ತೆ ಓದಿದೆ. ಜನ ಹೇಳೋವಷ್ಟು ಕಳಪೆ ಅಲ್ಲವೇ ಅಲ್ಲ ಅನ್ನೋದು ನನ್ನ ವಾದ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ ಸೇರಿ ಮಾರ್ವೆಲ್ ಜೊತೆ ಮಾಡಿದ ನಾಲ್ಕು ಸಂಚಿಕೆಗಳ ಸರಣಿ ಇದು. ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್. ಅಂಕಲ್ ಬೆನ್ ಭೀಮ್ ಆಗ್ತಾನೆ, ಆಂಟ್ ಮೇ ಮಾಯಾ, ಮೇರಿ ಜೇನ್ ಮೀರಾ ಜೈನ್. ಹೆಸರುಗಳನ್ನು ನೋಡಿದರೆ ತಮಾಷೆಗೆ ಮಾಡಿದ ಹಾಗಿದೆ, ಒಪ್ಕೋತೀನಿ.

ಆದರೆ ಪವಿತ್ರ್ ಹಳ್ಳಿ ಹುಡುಗ. ಸ್ಕಾಲರ್‌ಶಿಪ್ ಸಿಕ್ಕಿ ಮುಂಬೈಗೆ ಬಂದವನು. ಅವನ ಬಟ್ಟೆ ನೋಡಿ ಸಿಟಿ ಹುಡುಗರು ಆಡ್ಕೋತಾರೆ. ನಾನು ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಇಂಜಿನಿಯರಿಂಗ್ ಮೊದಲ ವರ್ಷ ಹಾಸ್ಟೆಲ್‌ನಲ್ಲಿ ಊರು ರಾಯಲ್ಪಾಡು ಅಂದರೆ ಮುಂದಿನ ಪ್ರಶ್ನೆ "ಆಂಧ್ರನಾ?" ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ ಕಣ್ರೋ ಅಂದರೂ ಬಿಡ್ತಿರಲಿಲ್ಲ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನನ್ನ ಕನ್ನಡದ ರಾಗವನ್ನು ಇಡೀ ಕಾರಿಡಾರ್ ಅನುಕರಣೆ ಮಾಡ್ತಿತ್ತು. ಕ್ವೀನ್ಸ್‌ನ ಪೀಟರ್ ಎಷ್ಟೇ ಬಡವನಾದರೂ ಅದೇ ಊರಿನವನು. ಪವಿತ್ರ್‌ಗೆ ಆ ಅನುಕೂಲ ಇಲ್ಲ.

ಪಂಚೆ ವಿಷಯಕ್ಕೆ ಬಂದರೆ, ಅವನದು ಕಚ್ಚೆ ಹಾಕಿ ಉಟ್ಟ ಪಂಚೆ. ನಮ್ಮ ತಾತ ಮಾವಿನ ಮರ ಹತ್ತುತ್ತಿದ್ದಿದ್ದೇ ಹಾಗೆ ಉಟ್ಟುಕೊಂಡು. ಗೋಡೆ ಹತ್ತೋಕೆ ಅದಕ್ಕಿಂತ ಒಳ್ಳೆ ಉಡುಪು ಯಾವುದಿದೆ ಹೇಳಿ?

ನನಗೆ ಸುತರಾಂ ಒಪ್ಪಿಗೆಯಾಗದ್ದು ಯೋಗಿ. 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಮಾಡಿದ ಮೂಲ ಕಥೆಯಲ್ಲಿ ಜೇಡ ಕಚ್ಚೋದು ಆಕಸ್ಮಿಕ. ಅದು ಯಾರಿಗೆ ಬೇಕಾದರೂ ಕಚ್ಚಬಹುದಿತ್ತು, ಸ್ಪೈಡರ್‌ಮ್ಯಾನ್‌ನ ಮಜಾ ಇರೋದೇ ಅದರಲ್ಲಿ. ಇಲ್ಲಿ ಯೋಗಿಯೊಬ್ಬ ಪ್ರತ್ಯಕ್ಷನಾಗಿ ಶಕ್ತಿ ಕೊಡ್ತಾನೆ. ಇಂಡಿಯಾ ಅಂದ ತಕ್ಷಣ ಯೋಗಿ, ತಾಯಿತ, ರಾಕ್ಷಸ! ಕೆಮಿಕಲ್ ಫ್ಯಾಕ್ಟರಿ ನಮ್ಮಲ್ಲಿ ಇಲ್ವಾ? ಜೊತೆಗೆ ನಾಲ್ಕೇ ಸಂಚಿಕೆಯಲ್ಲಿ ಗಾಬ್ಲಿನ್, ಡಾಕ್ಟರ್ ಆಕ್ಟೋಪಸ್, ವೆನಮ್ ಮೂವರನ್ನೂ ತುರುಕಿದ್ದಾರೆ.

ಒಂದು ಕಡೆ ಮಾತ್ರ ಇದು ಮೂಲವನ್ನೂ ಮೀರಿಸುತ್ತೆ. ಪೀಟರ್ ಒಬ್ಬ ಕಳ್ಳನನ್ನು ತಡೆಯದೆ ಬಿಡ್ತಾನೆ, ಮುಂದೆ ಅದೇ ಕಳ್ಳ ಬೆನ್‌ನನ್ನು ಕೊಲ್ತಾನೆ. ಅದು ವಿಧಿಯಾಟದ ಥರ. ಪವಿತ್ರ್ ಎದುರು ರೌಡಿಗಳು ಒಬ್ಬ ಹೆಂಗಸನ್ನು ಸುತ್ತುವರಿದಿರ್ತಾರೆ, ಇವನು ನನಗ್ಯಾಕೆ ಅಂತ ಹೋಗಿಬಿಡ್ತಾನೆ. ಯಾವ ಶಕ್ತಿಯೂ ಇಲ್ಲದ ಭೀಮ್ ಬಿಡಿಸೋಕೆ ಹೋಗಿ ಸಾಯ್ತಾನೆ. ಹುಡುಗ ಮಾಡಬೇಕಿದ್ದ ಕೆಲಸವನ್ನು ಚಿಕ್ಕಪ್ಪ ಮಾಡಿದ. ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಜಗಳ ಆದರೆ ಮಧ್ಯೆ ನುಗ್ಗೋ ದೊಡ್ಡವರು ಇಬ್ಬರು ಮೂವರಾದರೂ ಇರ್ತಾರೆ. ಸಿಗ್ನಲ್‌ನಲ್ಲಿ ಅಂಥದ್ದೇ ನಡೆದರೆ ನಾವು ಕಾರಿನ ಗಾಜು ಏರಿಸ್ತೀವಿ. ಆ ಪುಟಗಳನ್ನು ಓದುವಾಗ ನನಗೆ ಅದೇ ನೆನಪಾಗಿದ್ದು.

2023ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಸಿನಿಮಾದಲ್ಲಿ ಪವಿತ್ರ್ ಎಲ್ಲರಿಗೂ ಇಷ್ಟವಾದ, ನನಗೂ ಇಷ್ಟವಾದ. 'ಚಾಯ್ ಟೀ' ಜೋಕಿಗೆ ಥಿಯೇಟರೇ ಕೂಗಿತು. ಆದರೆ ಮುಂಬ್ಯಾಟನ್‌ನ ಆ ಪವಿತ್ರ್‌ಗೆ ಸಂಕೋಚವೇ ಇಲ್ಲ, ಸ್ಪೈಡರ್‌ಮ್ಯಾನ್ ಆಗೋದು ಸುಲಭ ಅಂತಾನೆ. ಕೂದಲು ಹಾರಿಸಿಕೊಂಡು ಓಡಾಡೋ ಅವನ ಮುಂದೆ ಹಳ್ಳಿಯಿಂದ ಬಂದ ಹುಡುಗ ಕಾಣದೇ ಹೋದ.

ಮೊನ್ನೆ ಊರಿಗೆ ಹೋದಾಗ ಏಳನೇ ಕ್ಲಾಸಿನ ಅಕ್ಕನ ಮಗನಿಗೆ ಫೋನಲ್ಲಿ ಕಾಮಿಕ್ ತೋರಿಸಿದೆ. ರಾಕ್ಷಸನ ಪುಟಗಳಿಗೆ ಹೆಚ್ಚು ಹೊತ್ತು ಕೊಟ್ಟ, ಯೋಗಿಯನ್ನು ಸರಕ್ಕನೆ ದಾಟಿಸಿದ. ಆಮೇಲೆ ತೆಲುಗಲ್ಲೇ ಕೇಳಿದ, "ಮಾಮ, ಇವನು ರಜಕ್ಕೆ ಊರಿಗೆ ಹೋಗಲ್ವಾ?"

2023ರಲ್ಲೇ ನಿಕೇಶ್ ಶುಕ್ಲಾ ಬರೆದ ಐದು ಸಂಚಿಕೆಗಳ ಇನ್ನೊಂದು ಸರಣಿಯೂ ಬಂದಿದೆ. ಈ ವಾರ ಇಬ್ಬರೂ ಅದನ್ನು ಶುರು ಮಾಡ್ತೀವಿ, ಅವನು ಅಲ್ಲಿಂದ, ನಾನು ಇಲ್ಲಿಂದ.