ಹೆಸರಿಗೊಂದು ಬೈಕು

2018ರ ನವೆಂಬರಿನಲ್ಲಿ ಜಾವಾ ಮತ್ತೆ ಬಂತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಮೈಸೂರಿನ ನನ್ನ ಓರಗೆಯವರು ಒಂದೇ ವರ್ಷ ಎರಡು ದಸರಾ ಬಂದಂತೆ ಹಿಗ್ಗಿದರು. ನನಗೆ ಹಿಗ್ಗು ಬರಲಿಲ್ಲ. ನಿಂತುಹೋದ ಗಾಡಿಗಳನ್ನು ಕಂಪನಿಗಳು ಮತ್ತೆ ಎಬ್ಬಿಸಬೇಕೆ ಎಂದರೆ ಬೇಡ ಎನ್ನುವವರ ಪೈಕಿ ನಾನು. ಮನೆಯಲ್ಲಿ ರೋಡ್‌ಕಿಂಗ್ ಇಟ್ಟುಕೊಂಡೂ ಹೀಗನ್ನುತ್ತೀಯಲ್ಲ ಎಂದು ಗೆಳೆಯರು ಬೈಯುತ್ತಾರೆ. ಇಟ್ಟುಕೊಂಡಿರುವುದರಿಂದಲೇ ಹೀಗನ್ನುತ್ತೇನೆ.

ಜಾವಾ ಮೂಲತಃ ಜೆಕ್ ಗಾಡಿ. ಅದನ್ನು ಮೈಸೂರಿನದಾಗಿಸಿದ್ದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ್ದು. 1973ರಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್ನು, ಎರಡು ಸೈಲೆನ್ಸರು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಬೇಕು. ಇಬ್ಬರನ್ನು ಹೊತ್ತು ಚಾಮುಂಡಿ ಬೆಟ್ಟ ಏರುವಾಗ ಅದು ಮಾಡುವ ಸದ್ದನ್ನು ನಾನು ಬರೆದು ತಿಳಿಸಲಾರೆ. ಹಿಂದೆ ಬರುತ್ತಿದ್ದವರಿಗೆ ಅದರ ಹೊಗೆಯಂತೂ ಚೆನ್ನಾಗಿ ನೆನಪಿರಬೇಕು.

ಈಗ ಬಂದದ್ದೇನು? ಫೋರ್ ಸ್ಟ್ರೋಕ್ ಎಂಜಿನ್ನು, 2018ರ ಜಾವಾದಲ್ಲಿ 293 ಸಿ.ಸಿ.ಯದು, ಮುಂದೆ ರೇಡಿಯೇಟರು. ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಕೆಟ್ಟ ಗಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ನಿಯಮದ ಮುಂದೆ ಹಳೆಯ ಎಂಜಿನ್ನು ನಿಲ್ಲುವುದಿಲ್ಲ, ನಿಲ್ಲಲೂಬಾರದು. ಅಂದಮೇಲೆ ಎದ್ದು ಬಂದದ್ದು ಗಾಡಿಯಲ್ಲ, ಹೆಸರು ಮತ್ತು ಟ್ಯಾಂಕಿನ ಆಕಾರ. ಯೆಜ್ಡಿ ಎಂಬ ಆ ಹೆಸರು ಯಾರದೆಂದು ಹೈಕೋರ್ಟಿನಲ್ಲಿ ವ್ಯಾಜ್ಯವೇ ನಡೆಯಿತು. ಕಾರಿನವರದೂ ಇದೇ ಕಥೆ. 1991ರ ಟಾಟಾ ಸಿಯೆರಾ 2025ರ ನವೆಂಬರಿನಲ್ಲಿ ಮರಳಿತಲ್ಲ, ಹಳೆಯದಕ್ಕೆ ಮೂರು ಬಾಗಿಲು, ಹೊಸದಕ್ಕೆ ಐದು.

ಜಾವಾ, ಯೆಜ್ಡಿ ಹೆಸರಿಗೆ ಬೆಲೆ ಬಂದದ್ದು ಹೇಗೆ? ಯಾದವಗಿರಿಯಲ್ಲಿ ಪಾಳಿಯ ಮೇಲೆ ದುಡಿದವರಿಂದ. ಕಾರ್ಖಾನೆ ಮುಚ್ಚಿದ ಮೇಲೆ, ಸಿಗದ ಬಿಡಿಭಾಗವನ್ನು ಲೇತಿಗೆ ಕೊಟ್ಟು ಮಾಡಿಸಿ ಗಾಡಿ ಓಡಿಸಿಕೊಟ್ಟ ಮೆಕ್ಯಾನಿಕ್ಕುಗಳಿಂದ. ಇಪ್ಪತ್ತೆರಡು ವರ್ಷ ಇವರು ಕಾಪಾಡಿದ ಮೇಲೆ ಹೆಸರು ಶೋರೂಮಿಗೆ ಹೋಯಿತು. ಇವರ ಪಾಲಿಗೆ ಏನು ಬಂತು?

ತಪ್ಪು ನಮ್ಮದೂ ಇದೆ. 1985ರಲ್ಲಿ ಹೀರೋ ಹೋಂಡಾದ ಸಿ.ಡಿ. 100 ಬಂದು, ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಲೆಕ್ಕ ಮನೆಮನೆಯಲ್ಲಿ ಶುರುವಾದಾಗ ನಾವು ಯೆಜ್ಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕೊಳ್ಳಬೇಕಾದಾಗ ಕೊಳ್ಳದೆ ಈಗ ಕಣ್ಣೀರಿಟ್ಟರೆ? ಮೈಸೂರಿನ ಹೆಮ್ಮೆ ಮರಳಿತು ಎನ್ನುವವರು ಒಮ್ಮೆ ಕಡಕೊಳದ ಕಡೆ ಹೋಗಿಬರಲಿ. ಅಲ್ಲಿ ಟಿ.ವಿ.ಎಸ್. ಕಾರ್ಖಾನೆಯಲ್ಲಿ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ, ಮೈಸೂರಿನಲ್ಲೇ. ಅದರ ಬಗ್ಗೆ ಯಾರೂ ಭಾವುಕರಾಗುವುದಿಲ್ಲ. ಇನ್ನೂ ಬದುಕಿದೆ ನೋಡಿ, ಅದಕ್ಕೆ.

ನಾನು ಕೇಳುವುದಿಷ್ಟೆ. ಹೊಸ ಎಂಜಿನ್ನು ಮಾಡಿದವರು ಅದಕ್ಕೆ ಹೊಸ ಹೆಸರಿಡಲಿ, ಅದರ ಮರ್ಯಾದೆಯನ್ನು ಅದೇ ಸಂಪಾದಿಸಲಿ. ಹಳೆಯ ಹೆಸರೇ ಬೇಕೆನ್ನುವವರು ಅದರ ಸಾಲವನ್ನೂ ಹೊರಲಿ: ಹಳೆಯ ಗಾಡಿಗೆ ಪಿಸ್ಟನ್ನು, ಕ್ಲಚ್ ಪ್ಲೇಟು, ಬೇರಿಂಗು ಅಳತೆ ತಪ್ಪದಂತೆ ಮಾಡಿ ನ್ಯಾಯವಾದ ಬೆಲೆಗೆ ಕೊಡಲಿ. ಲಾಭವಿಲ್ಲ ಎನ್ನುತ್ತಾರೆ. ಹೆಸರಿನಲ್ಲಿ ಲಾಭವಿದೆ ಎಂದೇ ಅಲ್ಲವೆ ಅದನ್ನು ಹುಡುಕಿಕೊಂಡು ಬಂದದ್ದು?

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಅಂದು ಹಳೆಯ ಗಾಡಿಗಳೆಲ್ಲ ಬೀದಿಗಿಳಿಯುತ್ತವೆ. ನನ್ನದರ ಕ್ರ್ಯಾಂಕು ಹದಿನೈದು ದಿನದಿಂದ ಮೆಕ್ಯಾನಿಕ್ಕಿನ ಬೆಂಚಿನ ಮೇಲಿದೆ. ಮೊನ್ನೆ ಹೋಗಿ ಕೇಳಿದೆ. "ಬೇರಿಂಗ್ ಸಿಕ್ಕರೆ ಒಂದೇ ದಿನದ ಕೆಲಸ ಸಾರ್," ಎಂದರು.